ಬೆಂಚಿನ ತುದಿಯ ಹುಡುಗ

ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದರೆ ಅಪ್ಪ ನೋಡುವುದು ಬೆಂಚನ್ನು. ಚೆಂಡು ಅಂಕಣದ ಈ ತುದಿಯಿಂದ ಆ ತುದಿಗೆ ಓಡುತ್ತಿರುತ್ತದೆ, ಸುತ್ತಲಿನವರು ಎದ್ದು ನಿಂತು ಕೂಗುತ್ತಿರುತ್ತಾರೆ, ಇವರು ಕನ್ನಡಕ ಸರಿಮಾಡಿಕೊಂಡು ಬದಲಿ ಆಟಗಾರರ ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿಕೊಂಡು ಹೋಗುತ್ತಾರೆ. ಯಾರು ಕೋಚ್ ಮಾತು ಕೇಳುತ್ತಿದ್ದಾನೆ, ಯಾರು ಕೇಳುತ್ತಿರುವಂತೆ ನಟಿಸುತ್ತಿದ್ದಾನೆ, ಯಾರು ಗ್ಯಾಲರಿಯಲ್ಲಿ ಅಮ್ಮನನ್ನು ಹುಡುಕುತ್ತಿದ್ದಾನೆ ಎಂಬುದೆಲ್ಲ ಅವರಿಗೆ ಗೊತ್ತಾಗಬೇಕು. ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದವರು. ಹುಡುಗರ ಬಾಯಲ್ಲಿ ಪಿ.ಡಿ. ಸರ್. ನಿವೃತ್ತರಾಗಿ ಹದಿನಾರು ವರ್ಷವಾಯಿತು. ಕಣ್ಣು ಮಾತ್ರ ಇನ್ನೂ ಕೆಲಸದಲ್ಲಿದೆ.

ಅವರು ನಮ್ಮ ಮನೆಗೆ ಬಂದದ್ದು 2024ರ ಜನವರಿಯಲ್ಲಿ. ಕಾನ್ಸಾಸ್‌ಗೆ ಜನವರಿಯಲ್ಲಿ ಯಾರೂ ಬರಬಾರದು. ಅಮ್ಮ ತೀರಿಕೊಂಡ ಮೇಲಿನ ಮೊದಲ ವರ್ಷ, ಹಾಸನದ ಮನೆಯಲ್ಲಿ ಒಬ್ಬರೇ ಇರುವುದು ಬೇಡ ಎಂದು ಹಟ ಮಾಡಿ ಕರೆಸಿಕೊಂಡಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಮೂರು ಮೈಲಿ ನಡೆಯುತ್ತಿದ್ದ ಮನುಷ್ಯ ಓವರ್‌ಲ್ಯಾಂಡ್ ಪಾರ್ಕಿನ ನಮ್ಮ ಮನೆಯ ಹಾಲಿನಲ್ಲಿ ಸೋಫಾದ ಸುತ್ತ ಪ್ರದಕ್ಷಿಣೆ ಹಾಕಿದರು. ಹಿಮ ಕರಗಿತು, ಮತ್ತೆ ಬಿತ್ತು. ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡಿ, "ಇದರಲ್ಲಿ ಆಡುವುದಕ್ಕಿಂತ ಸಭೆ ಸೇರುವುದೇ ಹೆಚ್ಚು" ಎಂದು ತೀರ್ಪು ಕೊಟ್ಟರು. ಮಾರ್ಚ್ ಹೊತ್ತಿಗೆ ವಾಪಸು ಟಿಕೆಟಿನ ದಿನಾಂಕವನ್ನು ದಿನಕ್ಕೆ ಎರಡು ಸಲ ಕೇಳತೊಡಗಿದ್ದರು.

ಆಗ ನನಗೆ ಹೊಳೆದದ್ದು ಎನ್‌ಎಐಎ, ಸಣ್ಣ ಕಾಲೇಜುಗಳ ಕ್ರೀಡಾ ಸಂಸ್ಥೆಯ ಟೂರ್ನಿ. ಮಾರ್ಚ್ ತಿಂಗಳಲ್ಲಿ ಅಮೆರಿಕದ ಕಚೇರಿಗಳಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಒಂದು ಜ್ವರ. ನನ್ನ ಕಚೇರಿಯಲ್ಲೂ ಯಾವ ತಂಡ ಯಾವ ಸುತ್ತಿಗೆ ಹೋಗುತ್ತದೆಂದು ಎಲ್ಲರೂ ಕಾಗದ ತುಂಬಿ ಬಾಜಿ ಕಟ್ಟುತ್ತಾರೆ. ಅದು ಎನ್‌ಸಿಎಎ ಎಂಬ ದೊಡ್ಡ ಸಂಸ್ಥೆಯ ಟೂರ್ನಿ. 2032ರವರೆಗಿನ ಎಂಟು ವರ್ಷಗಳ ಪ್ರಸಾರದ ಹಕ್ಕೊಂದಕ್ಕೇ 880 ಕೋಟಿ ಡಾಲರ್. ಅದೇ ತಿಂಗಳು ನಮ್ಮ ಕಚೇರಿಯಿಂದ ಅರ್ಧ ಗಂಟೆಯ ದೂರದಲ್ಲಿ, ರಾಜ್ಯದ ಗಡಿ ದಾಟಿದರೆ ಸಿಗುವ ಮಿಸೌರಿಯ ಕಾನ್ಸಾಸ್ ಸಿಟಿಯಲ್ಲಿ, ಇನ್ನೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುತ್ತದೆ. ಸಾವಿರ, ಎರಡು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜುಗಳದ್ದು. ಬಹುಪಾಲು ಖಾಸಗಿ, ಅದರಲ್ಲೂ ಹೆಚ್ಚಿನವು ಯಾವುದಾದರೊಂದು ಚರ್ಚಿಗೆ ಸೇರಿದವು. ಪಕ್ಕದ ಮೇಜಿನ ಸಹೋದ್ಯೋಗಿ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ಕೇಳಿದೆ. "ಅದು ಇನ್ನೂ ನಡೆಯುತ್ತದೆಯೇ?" ಎಂದು ನನ್ನನ್ನೇ ಕೇಳಿದ.

ನಡೆಯುತ್ತದೆ. ಅಷ್ಟೇ ಅಲ್ಲ, ದೊಡ್ಡಣ್ಣನಿಗಿಂತ ಎರಡು ವರ್ಷ ಹಿರಿಯದು. ಎನ್‌ಸಿಎಎ ಟೂರ್ನಿ ಹುಟ್ಟಿದ್ದು 1939ರಲ್ಲಿ, ಇದು 1937ರಲ್ಲಿ. ಕಾರಣ ಆದರ್ಶವೇನಲ್ಲ, ಖಾಲಿ ಸಭಾಂಗಣ. ಅಲ್ಲಿಯವರೆಗೆ ಹವ್ಯಾಸಿಗಳ ರಾಷ್ಟ್ರೀಯ ಟೂರ್ನಿಯೊಂದು ವರ್ಷವೂ ಕಾನ್ಸಾಸ್ ಸಿಟಿಯಲ್ಲಿ ನಡೆಯುತ್ತಿತ್ತು, 1935ರಲ್ಲಿ ಅದು ಡೆನ್ವರ್‌ಗೆ ಹೊರಟುಹೋಯಿತು. ಇತ್ತ ಊರಿನವರು ಆರ್ಥಿಕ ಕುಸಿತದ ಕಾಲದಲ್ಲೂ ಮುನಿಸಿಪಲ್ ಆಡಿಟೋರಿಯಂ ಎಂಬ ಭಾರೀ ಕಟ್ಟಡ ಎಬ್ಬಿಸಿ ಕುಳಿತಿದ್ದರು. ಮದುವೆ ನಿಂತುಹೋದ ಛತ್ರದ ಸ್ಥಿತಿ. ಆಗ ಪಕ್ಕದ ಬೇಕರ್ ವಿಶ್ವವಿದ್ಯಾಲಯದ ಕೋಚ್ ಎಮಿಲ್ ಲಿಸ್ಟನ್, ಸಣ್ಣ ಕಾಲೇಜುಗಳಿಗೇ ಒಂದು ಟೂರ್ನಿ ಮಾಡೋಣ ಎಂದು ಹೊರಟ. ಜೊತೆಗೆ ನಿಂತವರಲ್ಲಿ ಒಬ್ಬರು, ಎಪ್ಪತ್ತೈದು ದಾಟಿದ್ದ ಜೇಮ್ಸ್ ನೈಸ್ಮಿತ್, ಬ್ಯಾಸ್ಕೆಟ್‌ಬಾಲ್ ಆಟವನ್ನೇ ಕಂಡುಹಿಡಿದವರು.

ನೈಸ್ಮಿತ್ ಹೆಸರು ಹೇಳುತ್ತಿದ್ದಂತೆ ಅಪ್ಪ ಸೋಫಾದ ಪ್ರದಕ್ಷಿಣೆ ನಿಲ್ಲಿಸಿದರು. ಅವರು ತರಬೇತಿ ಪಡೆದದ್ದು ಮದರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ. 1920ರಲ್ಲಿ ಅದನ್ನು ಕಟ್ಟಿದ ಹ್ಯಾರಿ ಕ್ರೋ ಬಕ್ ಓದಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ನೈಸ್ಮಿತ್ ಈ ಆಟ ಹುಟ್ಟಿಸಿದ ಅದೇ ಸಂಸ್ಥೆಯಲ್ಲಿ. ಬಕ್ ಸಾಹೇಬರ ಕಾಲ ಅಪ್ಪ ಹುಟ್ಟುವ ಮೊದಲೇ ಮುಗಿದಿತ್ತು. ಆದರೂ ಗುರುಪರಂಪರೆ ಹೇಳುವಾಗ ಅವರು ಸ್ಪ್ರಿಂಗ್‌ಫೀಲ್ಡಿನಿಂದಲೇ ಆರಂಭಿಸುತ್ತಾರೆ. ಸಂಗೀತಗಾರರು ತ್ಯಾಗರಾಜರಿಂದ ಆರಂಭಿಸುವುದಿಲ್ಲವೇ, ಹಾಗೆ.

"ಅವರು ಮಾಡಿದ ಟೂರ್ನಿಯೇ? ಇಲ್ಲೇ?" ಎಂದರು. ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಮಫ್ಲರು. ಹೊರಟೆವು.

ಆಡಿಟೋರಿಯಂ ಹೊರಗಿನಿಂದ ನೋಡಿದರೆ ಸುಣ್ಣದಕಲ್ಲಿನ ಒಂದು ದೊಡ್ಡ ಪೆಟ್ಟಿಗೆ. ಒಳಗೆ 1930ರ ದಶಕದ ಅಲಂಕಾರವೆಲ್ಲ ಹಾಗೆಯೇ ಇದೆ. ದೊಡ್ಡಣ್ಣನ ಅಂತಿಮ ಸುತ್ತು ಒಂಬತ್ತು ಸಲ ಈ ಅಂಕಣದಲ್ಲೇ ನಡೆದಿತ್ತು, ಬೇರೆ ಯಾವ ಸಭಾಂಗಣಕ್ಕೂ ಅಷ್ಟು ಸಲ ಆ ಯೋಗ ಬಂದಿಲ್ಲ. ಕೊನೆಯ ಸಲ 1964ರಲ್ಲಿ. ಆಮೇಲೆ ಅದು ಇನ್ನೂ ದೊಡ್ಡ ಜಾಗಗಳನ್ನು ಹುಡುಕಿಕೊಂಡು ಹೋಯಿತು. ಸಣ್ಣವರೂ ನಡುವೆ ಊರಿನ ಇನ್ನೊಂದು ಕ್ರೀಡಾಂಗಣಕ್ಕೆ, ಅನಂತರ ಎಂಟು ವರ್ಷ ಒಕ್ಲಹೋಮದ ಟಲ್ಸಾಕ್ಕೆ ಹೋಗಿದ್ದರು. 2002ರಲ್ಲಿ ತವರಿಗೆ ಮರಳಿದರು.

ಸೋಮವಾರ, ಹದಿನಾರರ ಸುತ್ತು. ದೇಶದ ಬೇರೆ ಬೇರೆ ಕಡೆ 64 ತಂಡಗಳು ಆಡಿ, ಗೆದ್ದ ಹದಿನಾರು ಮಾತ್ರ ಇಲ್ಲಿಗೆ ಬರುತ್ತವೆ. ಇದು ಈಚಿನ ಏರ್ಪಾಡು. ಮೊದಲ ವರ್ಷ ಬಂದವು ಎಂಟು ತಂಡಗಳು, ಮರುವರ್ಷವೇ 32. ಆ 32ರ ಪದ್ಧತಿ ದಶಕಗಟ್ಟಲೆ ನಡೆಯಿತು. ಎಲ್ಲರೂ ಒಂದೇ ಊರಿಗೆ ಬರಬೇಕು, ಬೆಳಗಿನಿಂದ ರಾತ್ರಿಯವರೆಗೆ ಪಂದ್ಯದ ಮೇಲೆ ಪಂದ್ಯ, ಕಪ್ ಗೆಲ್ಲಬೇಕಾದರೆ ಆರು ದಿನದಲ್ಲಿ ಐದು ಸಲ ಆಡಬೇಕು. ಇದನ್ನು ಹೇಳಿದಾಗ ಅಪ್ಪ ತಮ್ಮ ಮೊಣಕಾಲನ್ನೇ ಹಿಡಿದುಕೊಂಡರು. "ಐದನೆಯ ದಿನ ಆಡುವವರು ಒಳ್ಳೆಯ ಆಟಗಾರರಲ್ಲ. ಉಳಿದವರು," ಎಂದರು.

ಸಭಾಂಗಣದಲ್ಲಿ ಮುಕ್ಕಾಲು ಭಾಗ ಖಾಲಿ. ಇದ್ದವರೆಲ್ಲ ಯಾರಾದರೊಬ್ಬರಿಗೆ ಏನಾದರೂ ಆಗಬೇಕಾದವರು. ಮಗನ ನಂಬರಿನ ಅಂಗಿ ತೊಟ್ಟ ಅಮ್ಮಂದಿರು, ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಕುಳಿತಲ್ಲೇ ತೂಕಡಿಸುವ ಸಹಪಾಠಿಗಳು, ಪ್ರತಿ ಫೌಲಿಗೂ ತೀರ್ಪುಗಾರನಿಗೆ ಪಾಠ ಹೇಳುವ ಒಬ್ಬ ಅಜ್ಜ. ಆಟಗಾರನೊಬ್ಬ ಫ್ರೀ ಥ್ರೋ ಹಾಕಲು ನಿಂತಾಗ ಗ್ಯಾಲರಿಯಿಂದ ಒಂದೇ ಒಂದು ದನಿ ಅವನ ಮನೆಯ ಹೆಸರು ಹಿಡಿದು ಕೂಗಿತು. ಅವನು ತಲೆ ಎತ್ತದೆಯೇ ನಕ್ಕ. ಇಪ್ಪತ್ತು ಸಾವಿರ ಜನರ ಮಧ್ಯೆ ಆ ದನಿ ಅವನಿಗೆ ಎಲ್ಲಿ ಕೇಳಬೇಕು?

ಅಪ್ಪ ಆ ಹೊತ್ತಿಗೆ ಬೆಂಚಿನಲ್ಲಿ ತಮ್ಮವನನ್ನು ಹುಡುಕಿಕೊಂಡಾಗಿತ್ತು. ಬಲತುದಿಯ ಕೊನೆಯ ಕುರ್ಚಿ, ಹದಿನಾಲ್ಕನೆಯ ನಂಬರು. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಹುಡುಗನ ಹೆಸರು ಹೇಳಿದ ಹಾಗೆಯೇ. ಟೈಮ್‌ಔಟ್ ಆದಾಗಲೆಲ್ಲ ಎಲ್ಲರಿಗಿಂತ ಮೊದಲು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದ, ಬೆವರು ಸುರಿಸಿಕೊಂಡು ಬಂದವನಿಗೆ ಟವೆಲು ಕೊಡುತ್ತಿದ್ದ, ಗುಂಪಿನ ಹಿಂದೆ ನಿಂತು ಕೋಚ್ ಬರೆಯುತ್ತಿದ್ದ ಹಲಗೆಯನ್ನು ಇಣುಕಿ ನೋಡುತ್ತಿದ್ದ. "ಮೂರು ಸಲ ಶೂ ಲೇಸು ಕಟ್ಟಿದ, ಒಂದು ಸಲವೂ ಬಿಚ್ಚಿರಲಿಲ್ಲ," ಎಂದರು ಅಪ್ಪ. ಕೊನೆಯ ಎರಡು ನಿಮಿಷ ಅವನ ತಂಡ ಹನ್ನೊಂದು ಅಂಕ ಮುಂದಿತ್ತು. ಅಪ್ಪ ಕೋಚನ್ನೇ ದಿಟ್ಟಿಸಿದರು. ಕೋಚ್ ಕೈಕಟ್ಟಿ ನಿಂತೇ ಇದ್ದ. ತಂಡ ಗೆದ್ದಿತು. ಹದಿನಾಲ್ಕು ಕುಣಿಯುತ್ತಾ ಅಂಕಣಕ್ಕೆ ಓಡಿದ. ಆ ದಿನ ಅವನು ಅಂಕಣಕ್ಕೆ ಇಳಿದದ್ದು ಅಷ್ಟು ಮಾತ್ರ.

ಪಂದ್ಯಗಳ ನಡುವೆ ಕಾಫಿ ಕುಡಿಯುತ್ತಾ (ಅಪ್ಪನ ಪ್ರಕಾರ ಅದು ಕಾಫಿಯಲ್ಲ, ಕಾಫಿಯ ನೆನಪು) ಈ ಟೂರ್ನಿಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗವನ್ನು ಹೇಳಿದೆ. ಅದರ ನಾಯಕನೂ ಒಬ್ಬ ಬೆಂಚಿನವನೇ.

ಸಣ್ಣ ಕಾಲೇಜು ಎಂದರೆ ದೊಡ್ಡ ಮನಸ್ಸು ಎಂದು ನಾನೂ ಸ್ವಲ್ಪ ಕಾಲ ನಂಬಿದ್ದೆ. ನಿಜ ಬೇರೆ. ಈ ಟೂರ್ನಿಯಲ್ಲಿ ಕಪ್ಪು ಆಟಗಾರರು ಆಡಕೂಡದು ಎಂಬ ನಿಯಮವೇ ಇತ್ತು. 1947ರಲ್ಲಿ ಇಂಡಿಯಾನ ಸ್ಟೇಟ್ ಶಿಕ್ಷಕರ ಕಾಲೇಜಿನ ತಂಡಕ್ಕೆ ಆಹ್ವಾನ ಬಂತು. ಆ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗನಿದ್ದ. ತಂಡದ ತಾರೆಯೇನಲ್ಲ, ಬದಲಿ ಆಟಗಾರ. ಅವನನ್ನು ಊರಲ್ಲೇ ಬಿಟ್ಟುಬಂದಿದ್ದರೆ ತಂಡದ ಬಲ ಅಷ್ಟೇನೂ ತಗ್ಗುತ್ತಿರಲಿಲ್ಲ. ಹೊಸದಾಗಿ ಬಂದಿದ್ದ ಕೋಚ್, ಅವನಿಲ್ಲದೆ ನಾವಿಲ್ಲ ಎಂದು ಆಹ್ವಾನವನ್ನೇ ತಿರಸ್ಕರಿಸಿದ. ಆ ಕೋಚ್ ಹೆಸರು ಜಾನ್ ವುಡನ್. ಮುಂದೆ ಯುಸಿಎಲ್‌ಎ ತಂಡಕ್ಕೆ ಹತ್ತು ಎನ್‌ಸಿಎಎ ಕಿರೀಟ ಗೆದ್ದುಕೊಟ್ಟು ದಂತಕಥೆಯಾದವನು, ಆಗ ಇನ್ನೂ ಯಾರೂ ಅಲ್ಲ.

ಮರುವರ್ಷ ಮತ್ತೆ ಆಹ್ವಾನ, ಮತ್ತೆ ಅದೇ ನಿಯಮ. ಈ ಸಲ ನ್ಯೂಯಾರ್ಕಿನ ಮ್ಯಾನ್‌ಹಟನ್ ಕಾಲೇಜು, ನಿಯಮ ಹೀಗೇ ಇದ್ದರೆ ನಾವು ಬರುವುದಿಲ್ಲ ಎಂದು ಪಟ್ಟು ಹಿಡಿಯಿತು. ಅದು ಒಲಿಂಪಿಕ್ಸ್ ವರ್ಷ, ಗೆದ್ದವರಿಗೆ ಒಲಿಂಪಿಕ್ ಆಯ್ಕೆ ಪಂದ್ಯಗಳಲ್ಲಿ ಸ್ಥಾನವಿತ್ತು. ಆ ಕಡೆಯಿಂದಲೂ ಒತ್ತಡ ಬಂತು. ಟೂರ್ನಿ ಇನ್ನೇನು ಆರಂಭವಾಗಬೇಕು ಎನ್ನುವಾಗ ನಿಯಮ ಬಿದ್ದುಹೋಯಿತು. 1948ರ ಮಾರ್ಚ್‌ನಲ್ಲಿ ವಾಕರ್ ಬೆಂಚಿನಿಂದ ಎದ್ದು ಇದೇ ಅಂಕಣಕ್ಕೆ ಇಳಿದ, ಈ ಟೂರ್ನಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾಗಿ. ಇಂಡಿಯಾನ ಸ್ಟೇಟ್ ಫೈನಲ್‌ವರೆಗೆ ಹೋಗಿ ಲೂಯಿವಿಲ್ ಎದುರು 82-70ರಲ್ಲಿ ಸೋತಿತು. ಮುಂದೆ ಹತ್ತು ಎನ್‌ಸಿಎಎ ಫೈನಲ್ ಆಡಿಸಿ ಹತ್ತನ್ನೂ ಗೆದ್ದ ವುಡನ್, ರಾಷ್ಟ್ರೀಯ ಫೈನಲ್ಲೊಂದನ್ನು ಸೋತದ್ದು ಅದೊಂದೇ ಸಲ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ವಾಕರ್ ಎಷ್ಟು ನಿಮಿಷ ಆಡಿದ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಇಷ್ಟು ಕಥೆ ಓದಿಕೊಂಡು ಅದೊಂದನ್ನು ನೋಡಿರಲಿಲ್ಲವೇ ಎಂಬಂತೆ ನನ್ನನ್ನು ನೋಡಿದರು.

ನೈಸ್ಮಿತ್ ಕಥೆಗೂ ಈ ಕಥೆಗೂ ಸೇತುವೆಯಂತಿರುವ ಇನ್ನೊಬ್ಬ ಮನುಷ್ಯ ಜಾನ್ ಮೆಕ್ಲೆಂಡನ್. 1930ರ ದಶಕದಲ್ಲಿ ಇಲ್ಲಿಂದ ನಲವತ್ತು ಮೈಲಿ ದೂರದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ನೈಸ್ಮಿತ್ ಅವರ ಶಿಷ್ಯ. ಕಪ್ಪು ವಿದ್ಯಾರ್ಥಿಯೆಂದು ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ಬಿಡಲಿಲ್ಲ. ಆಟ ಹುಟ್ಟಿಸಿದವರಿಂದಲೇ ಆಟ ಕಲಿತು, ಅದೇ ಊರಿನ ತಂಡದ ಬೆಂಚಿನಲ್ಲೂ ಕೂರಲಾಗದವನು ಬೇರೆ ಇನ್ನಾರಾದರೂ ಇದ್ದಾರೆಯೇ? ಕೋಚ್ ಆದ. 1944ರ ಮಾರ್ಚ್‌ನ ಒಂದು ಭಾನುವಾರ ಬೆಳಗ್ಗೆ, ಉತ್ತರ ಕ್ಯಾರೊಲಿನಾದ ಡರಂ ಊರಿನವರೆಲ್ಲ ಚರ್ಚಿನಲ್ಲಿದ್ದಾಗ, ತನ್ನ ಕಪ್ಪು ಹುಡುಗರನ್ನು ಡ್ಯೂಕ್ ವೈದ್ಯಕೀಯ ಶಾಲೆಯ ಬಿಳಿ ಹುಡುಗರ ಎದುರು ಬಾಗಿಲು ಮುಚ್ಚಿ ಆಡಿಸಿದ. ಕಾನೂನಿಗೆ ವಿರುದ್ಧವಾದ ಪಂದ್ಯ, 88-44ರ ಗೆಲುವು. ದಶಕಗಳವರೆಗೆ ಯಾರೂ ಬಾಯಿ ಬಿಡಲಿಲ್ಲ.

1953ರಲ್ಲಿ ಎನ್‌ಎಐಎ ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಿಗೂ ಬಾಗಿಲು ತೆರೆಯಿತು, ಅಂಥದ್ದೊಂದು ಸಂಸ್ಥೆಯಾದ ಟೆನೆಸಿ ಎ ಅಂಡ್ ಐ ಮೊದಲು ಒಳಬಂತು. ಮರುವರ್ಷ ಆ ತಂಡದ ಕೋಚ್ ಆದ ಮೆಕ್ಲೆಂಡನ್ ಕಾನ್ಸಾಸ್ ಸಿಟಿಗೆ ಹಾಕಿದ ಷರತ್ತು ಆಟದ ಬಗ್ಗೆ ಅಲ್ಲ. ಬೇರೆ ತಂಡಗಳು ತಂಗುವ ಹೋಟೆಲಿನಲ್ಲೇ ನನ್ನ ಹುಡುಗರೂ ತಂಗಬೇಕು, ಅವರು ಉಣ್ಣುವಲ್ಲೇ ಉಣ್ಣಬೇಕು. ಪಂದ್ಯ ಇರುವುದು ನಲವತ್ತು ನಿಮಿಷ, ಉಳಿದ ಇಪ್ಪತ್ತಮೂರು ಗಂಟೆ ಇಪ್ಪತ್ತು ನಿಮಿಷದ ಲೆಕ್ಕ ಅವನಿಗೆ ಗೊತ್ತಿತ್ತು. 1957, 1958, 1959, ಮೂರು ವರ್ಷ ಸತತವಾಗಿ ಅವನ ತಂಡ ಈ ಕಪ್ ಗೆದ್ದಿತು. ಯಾವ ಕಾಲೇಜು ತಂಡವೂ ಅಲ್ಲಿಯವರೆಗೆ ಮೂರು ರಾಷ್ಟ್ರೀಯ ಕಿರೀಟಗಳನ್ನು ಸಾಲಾಗಿ ಗೆದ್ದಿರಲಿಲ್ಲ. ಗೆದ್ದು ತಮ್ಮ ಊರು ನ್ಯಾಶ್‌ವಿಲ್‌ಗೆ ಹಿಂದಿರುಗಿದರೆ ಪೇಟೆಯ ಅಂಗಡಿಗಳ ಊಟದ ಕಟ್ಟೆಯಲ್ಲಿ ಅವರಿಗೆ ಕೂರುವಂತಿರಲಿಲ್ಲ. ಅಲ್ಲಿ ವಿದ್ಯಾರ್ಥಿಗಳು ಧರಣಿ ಕೂತದ್ದು 1960ರಲ್ಲಿ.

ಆ ತಂಡದ ಡಿಕ್ ಬಾರ್ನೆಟ್ ಮುಂದೆ ನ್ಯೂಯಾರ್ಕ್ ನಿಕ್ಸ್ ಪರ ಎರಡು ಎನ್‌ಬಿಎ ಕಿರೀಟ ಗೆದ್ದ. ಆದರೂ ಮುಪ್ಪಿನಲ್ಲಿ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಒಂದೇ ಕೆಲಸ: ತನ್ನ ಹಳೆಯ ಕಾಲೇಜು ತಂಡಕ್ಕೆ, ತನಗೊಬ್ಬನಿಗೇ ಅಲ್ಲ, ನೈಸ್ಮಿತ್ ಹೆಸರಿನ ಕೀರ್ತಿಮಂದಿರದಲ್ಲಿ ಜಾಗ ಸಿಗಬೇಕು. 2019ರಲ್ಲಿ ಸಿಕ್ಕಿತು. ಆ ವೇಳೆಗೆ ಅರುವತ್ತು ವರ್ಷ ಕಳೆದಿದ್ದವು. ನಾವು ಹೋದ ವಾರದ ಕೊನೆಗೆ ಫೈನಲ್ ತಲುಪಿದ ಎರಡು ತಂಡಗಳಲ್ಲಿ ಒಂದು ಒಕ್ಲಹೋಮದ ಲ್ಯಾಂಗ್ಸ್ಟನ್, ಅದೂ ಕಪ್ಪು ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಸಂಸ್ಥೆ. ಟೆನೆಸಿಯ ಫ್ರೀಡ್-ಹಾರ್ಡಮನ್ ಎದುರು ಸೋತಿತು. ನಾನು ಲ್ಯಾಂಗ್ಸ್ಟನ್ ಗೆಲ್ಲಲಿ ಎಂದುಕೊಂಡಿದ್ದೆ. ಅಪ್ಪ ಫ್ರೀಡ್-ಹಾರ್ಡಮನ್ ಪರ, ಅವರ ಬೆಂಚು ಶಿಸ್ತಾಗಿದೆಯಂತೆ.

ಬೆಂಚಿನ ಮೇಲಿನ ಈ ಮೋಹ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅಪ್ಪನ ಕಾಲೇಜಿನ ಅಂಕಣ ಮಣ್ಣಿನದು. ಪಂದ್ಯದ ಹಿಂದಿನ ಸಂಜೆ ನೀರು ಚಿಮುಕಿಸಿ, ಬೆಳಗ್ಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು. ರಿಂಗಿಗೆ ಬಲೆ ಇರಲಿಲ್ಲ, ಚೆಂಡು ಒಳಗೆ ಹೋಯಿತೋ ಪಕ್ಕದಲ್ಲಿ ಹೋಯಿತೋ ಎಂದು ಪ್ರತಿ ಪಂದ್ಯದಲ್ಲೂ ಜಗಳ. ಅಂತರ ಕಾಲೇಜು ಪಂದ್ಯಕ್ಕೆ ಮೈಸೂರಿಗೆ ಹೋಗಬೇಕಾದರೆ ಕಚೇರಿಯಿಂದ ಮಂಜೂರಾಗುತ್ತಿದ್ದದ್ದು ಹತ್ತು ಜನರ ಬಸ್ ಚಾರ್ಜು, ಹತ್ತು ಜನರ ಬತ್ತೆ. ತಂಡದಲ್ಲಿ ಹನ್ನೆರಡು ಜನ. ಆಡುವವರು ಐವರಲ್ಲವೇ, ಹತ್ತು ಸಾಲದೇ ಎಂಬುದು ಮೇಲಿನವರ ವಾದ. ಉಳಿದ ಇಬ್ಬರ ಖರ್ಚು ವರ್ಷವೂ ನಮ್ಮ ಮನೆಯಿಂದ ಹೋಗುತ್ತಿತ್ತು. ಆ ತಿಂಗಳು ಅಮ್ಮ ಅಂಗಡಿಯ ಲೆಕ್ಕದ ಪುಸ್ತಕವನ್ನು ಸ್ವಲ್ಪ ಜೋರಾಗಿಯೇ ಮುಚ್ಚುತ್ತಿದ್ದರು.

ಒಂದು ವರ್ಷ ಆ ಹನ್ನೆರಡನೆಯವನು ಪಂದ್ಯಾವಳಿಯಿಡೀ ಒಂದು ನಿಮಿಷವೂ ಆಡಲಿಲ್ಲ. ಹಿಂದಿರುಗುವಾಗ ತಂಡದ ಅಂಗಿಗಳಿದ್ದ ಚೀಲದ ಜವಾಬ್ದಾರಿ ಅವನದು. ಹೊಳೆನರಸೀಪುರದಲ್ಲಿ ಇಳಿದು ಚಹ ಕುಡಿದು ಬರುವಷ್ಟರಲ್ಲಿ ಚೀಲ ಮಾಯ. ಅಂಗಿಗಳ ದುಡ್ಡೂ ಅಪ್ಪನ ಸಂಬಳದಲ್ಲೇ ಕಡಿತವಾಯಿತು. ಆ ವರ್ಷದ ಕ್ಯಾಪ್ಟನ್ ಯಾರೆಂದು ಕೇಳಿದರೆ ಅಪ್ಪ ಇವತ್ತು ತಡವರಿಸುತ್ತಾರೆ. ಚೀಲ ಕಳೆದವನ ಹೆಸರು, ಅವನ ತಂದೆಯ ಹೆಸರು, ಊರು, ಬಸ್ಸಿನ ಯಾವ ಸೀಟಿನಲ್ಲಿ ಅಳುತ್ತಾ ಕೂತಿದ್ದ ಎಂಬುದು, ಎಲ್ಲ ನೆನಪಿದೆ.

ನಾನು ಸಮಾಧಾನಕ್ಕೆಂದು ಸ್ಕಾಟಿ ಪಿಪ್ಪೆನ್ ಕಥೆ ಹೇಳಿದೆ. ಮೈಕೆಲ್ ಜೋರ್ಡಾನ್ ಜೊತೆ ಆರು ಎನ್‌ಬಿಎ ಕಿರೀಟ ಗೆದ್ದ ಪಿಪ್ಪೆನ್ ಓದಿದ್ದು ಆಗ ಎನ್‌ಎಐಎಯಲ್ಲಿದ್ದ ಸೆಂಟ್ರಲ್ ಆರ್ಕನ್ಸಾದಲ್ಲಿ, ಸೇರಿದ್ದು ತಂಡದ ಸಾಮಾನು ನೋಡಿಕೊಳ್ಳುವ ಹುಡುಗನಾಗಿ. ಅವನ ಜೊತೆಗಾರ ಡೆನಿಸ್ ರಾಡ್ಮನ್ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುತ್ತಿದ್ದವನು, ಅನಂತರ ಎನ್‌ಎಐಎಯ ಸೌತ್ ಈಸ್ಟರ್ನ್ ಒಕ್ಲಹೋಮ ಸ್ಟೇಟ್ ಸೇರಿದ. ಅಪ್ಪನಿಗೆ ಈ ಕಥೆಗಳು ರುಚಿಸಲಿಲ್ಲ. "ಎದ್ದವರ ಕಥೆ ಎಲ್ಲರೂ ಹೇಳುತ್ತಾರೆ, ಪುಟ್ಟಿ," ಎಂದು ಮತ್ತೆ ಬೆಂಚಿನತ್ತ ತಿರುಗಿದರು. ಅವರ ಮಾತಿನಲ್ಲಿ ಹುರುಳಿದೆ. ಇಂಥ ಪಂದ್ಯಾವಳಿಯ ಬಗ್ಗೆ ಬರೆಯುವವರೆಲ್ಲ ಇಲ್ಲಿಂದ ಮೇಲಕ್ಕೆ ಹೋದ ನಾಲ್ಕು ಹೆಸರು ಹೇಳಿ ಇದರ ಬೆಲೆ ಕಟ್ಟುತ್ತಾರೆ, ಬಸ್ ನಿಲ್ದಾಣವನ್ನು ಅಲ್ಲಿಂದ ಹೊರಟ ಬಸ್ಸುಗಳಿಂದ ಅಳೆದಂತೆ. ಆ ಸೋಮವಾರ ಆಡಿದ ಹುಡುಗರಲ್ಲಿ ಹೆಚ್ಚಿನವರು ಬರುವ ವರ್ಷ ವಿಮೆ ಮಾರುತ್ತಿರುತ್ತಾರೆ, ಶಾಲೆಯಲ್ಲಿ ಪಾಠ ಹೇಳುತ್ತಿರುತ್ತಾರೆ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಹೊರಹೋಗುವ ಚೆಂಡಿಗಾಗಿ ಮೂರನೆಯ ಸಾಲಿನ ಕುರ್ಚಿಗಳ ಮೇಲೆ ಬೀಳುತ್ತಾರೆ.

ಬುಧವಾರ ಪಂದ್ಯವಿರಲಿಲ್ಲ. ರಜೆ ಹಾಕಿ ಅಪ್ಪನನ್ನು ಲಾರೆನ್ಸ್‌ಗೆ ಕರೆದುಕೊಂಡು ಹೋದೆ. 1891ರ ಡಿಸೆಂಬರಿನಲ್ಲಿ ನೈಸ್ಮಿತ್ ಬೆರಳಚ್ಚು ಮಾಡಿಸಿ ಗೋಡೆಗೆ ಅಂಟಿಸಿದ ಹದಿಮೂರು ನಿಯಮಗಳ ಆ ಎರಡು ಹಾಳೆ ಈಗ ಕಾನ್ಸಾಸ್ ವಿಶ್ವವಿದ್ಯಾಲಯದ ಒಂದು ಕಟ್ಟಡದಲ್ಲಿ ಗಾಜಿನ ಹಿಂದಿವೆ. 2010ರ ಹರಾಜಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು 43 ಲಕ್ಷ ಡಾಲರಿಗೆ ಕೊಂಡು ಕೊಟ್ಟದ್ದು. ಅಲ್ಲಿಯೇ ಗೊತ್ತಾಗುವ ಇನ್ನೊಂದು ಸಂಗತಿಗೆ ಅಪ್ಪ ಬಹಳ ಹೊತ್ತು ನಕ್ಕರು: ಈ ವಿಶ್ವವಿದ್ಯಾಲಯದ ಕೋಚ್‌ಗಳ ಸಾಲಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು ಇರುವವರು ಒಬ್ಬರೇ, ಸ್ವತಃ ನೈಸ್ಮಿತ್. 55 ಗೆಲುವು, 60 ಸೋಲು.

ಹಾಳೆಗಳ ಮುಂದೆ ಅಪ್ಪ ಚಪ್ಪಲಿ ಬಿಡುತ್ತಾರೇನೋ ಎನಿಸಿತು. ಹದಿಮೂರನ್ನೂ ಬೆರಳು ಗಾಜಿಗೆ ತಾಗದಂತೆ ಹಿಡಿದು ಓದಿದರು. ತಂಡದಲ್ಲಿ ಎಷ್ಟು ಜನ ಎಂದು ಅದರಲ್ಲಿ ಎಲ್ಲೂ ಇಲ್ಲ. ಮೊದಲ ಆಟ ಆಡಿದ ತರಗತಿಯಲ್ಲಿ ಇದ್ದವರು ಹದಿನೆಂಟು ಜನ. ನೈಸ್ಮಿತ್ ಒಂಬತ್ತು ಒಂಬತ್ತಾಗಿ ಪಾಲು ಮಾಡಿದರು. ಇದನ್ನು ಅಪ್ಪ ಮದರಾಸಿನಲ್ಲಿ ಪರೀಕ್ಷೆಗೆ ಓದಿದ್ದರಂತೆ.

"ಹದಿನೆಂಟು," ಎಂದರು ಕಾರು ಹತ್ತುವಾಗ. "ಒಬ್ಬನೂ ಹೊರಗೆ ಕೂತಿರಲಿಲ್ಲ."

ಗುರುವಾರ ಕ್ವಾರ್ಟರ್ ಫೈನಲ್. ನನಗೆ ಕಚೇರಿ, ಹೋಗಲಾಗಲಿಲ್ಲ. ಸಂಜೆ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಹದಿನಾಲ್ಕರ ತಂಡ ಏನಾಯಿತು ನೋಡು ಎಂದರು. ಮೊಬೈಲಿನಲ್ಲಿ ಅಂಕಪಟ್ಟಿ ತೆಗೆದೆ. ಸೋತಿದ್ದರು, ಆರು ಅಂಕಗಳಿಂದ. ಕೆಳಗೆ ಆಡಿದವರ ಹೆಸರು, ನಿಮಿಷ, ಅಂಕ, ಫೌಲುಗಳ ಸಾಲುಗಳು. ಎರಡು ಸಲ ನೋಡಿದೆ. ಅವನ ಹೆಸರು ಇರಲಿಲ್ಲ.

"ಮೂರು ನಿಮಿಷ ಆಡಿದ್ದಾನೆ," ಎಂದೆ.

ಅಪ್ಪ ತಲೆಯಾಡಿಸಿದರು. "ಫೌಲು?"

"ಒಂದು."

"ಅವಸರ ಮಾಡಿರಬೇಕು," ಎಂದು ಒಳಗೆ ಹೋದರು.